ಒಸಡಿನ ಮೇಲೆ ಗಂಟು ಬಂದರೆ: ಕನ್ನಡಿಯಿಂದ ಲ್ಯಾಬ್ ರಿಪೋರ್ಟ್‌ವರೆಗೆ

“ಒಸಡಿನ ಮ್ಯಾಲೆ ಮಾಂಸ ಬೆಳದೈತ್ರಿ ಡಾಕ್ಟ್ರೇ, ಕ್ಯಾನ್ಸರ್ ಏನ್ರಿ ಇದು?”

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದ ವಾರ ಇಲ್ಲ. ಓದುಗರೂ ಇದನ್ನೇ ಕೇಳುತ್ತಾರೆ. ಗದಗಿನಿಂದ ಒಬ್ಬರು ಫೋಟೊ ಕಳಿಸಿ “ನೋಡಿ ಹೇಳ್ರಿ” ಅನ್ನುತ್ತಾರೆ. ಹಾವೇರಿ ಕಡೆಯ ಇನ್ನೊಬ್ಬರು “ಎರಡು ಸಲ ತೆಗೆಸಿದೆ, ಮತ್ತೆ ಬಂತು” ಎಂದು ಬರೆಯುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಧೈರ್ಯದ ಮಾತು. ಒಸಡಿನ ಮೇಲೆ ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಡಾಕ್ಟರು ಇವನ್ನು ‘ಬಿನೈನ್’ ಅನ್ನುತ್ತಾರೆ. ಅಂದರೆ ಇದ್ದ ಜಾಗದಲ್ಲೇ ಬೆಳೆಯುವ, ದೇಹದ ಬೇರೆ ಕಡೆ ಹರಡದ, ಜೀವಕ್ಕೆ ಕುತ್ತು ತಾರದ ಗಂಟು. ಚೀಟಿಯಲ್ಲಿ ‘ಎಪ್ಯುಲಿಸ್’ ಎಂದು ಬರೆದಿದ್ದರೆ ಗಾಬರಿ ಬೇಡ. ಅದು ಗ್ರೀಕ್ ಮೂಲದ ಪದ, ‘ಒಸಡಿನ ಮೇಲಿನದು’ ಎಂದಷ್ಟೇ ಅರ್ಥ. ಗಂಟು ಎಲ್ಲಿದೆ ಎಂದು ಅದು ಹೇಳುತ್ತದೆ. ಎಂಥದ್ದು ಎಂದು ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಫೋಟೊ ನೋಡಿ ಇದು ಯಾವ ಗಂಟು ಎಂದು ನಾನು ಹೇಳಲಾರೆ. ನೀವು ಎದುರಿಗೆ ಬಾಯಿ ತೆರೆದು ಕೂತರೂ ಬರೀ ಕಣ್ಣಳತೆಯಲ್ಲಿ ಖಚಿತವಾಗಿ ಹೇಳಲು ಆಗುವುದಿಲ್ಲ. ನೂರಾರು ಗಂಟು ನೋಡಿದ ತಜ್ಞರೂ ಒಂದೊಂದು ಸಲ ತಪ್ಪುತ್ತಾರೆ.

1. ಕನ್ನಡಿ ಮುಂದೆ ನಿಂತು ಸರಿಯಾಗಿ ನೋಡಿ

ಕೈ ತೊಳೆದುಕೊಂಡು ಮೊಬೈಲ್ ಟಾರ್ಚ್ ಹಿಡಿದು ನೋಡಿ. ತುಟಿಯನ್ನು ಬೆರಳಿಂದ ಎತ್ತಿ. ಗಂಟು ಯಾವ ಹಲ್ಲಿನ ಹತ್ತಿರ ಇದೆ? ಎರಡು ಹಲ್ಲುಗಳ ನಡುವಿನ ಮೊನೆಯಂಥ ಒಸಡಿನಿಂದ ಹೊರಬಂದಿದೆಯಾ, ಅಥವಾ ಬೇರಿನ ಕಡೆ ಕೆಳಗಿದೆಯಾ? ಸಾಸಿವೆಯಷ್ಟಿದೆಯಾ, ಕಡಲೆಕಾಳಿನಷ್ಟಾ, ಶೇಂಗಾ ಕಾಳಿನಷ್ಟಾ? ಬಣ್ಣ ಸುತ್ತಲಿನ ಒಸಡಿನ ಥರವೇ ಇದೆಯಾ, ಕಡುಗೆಂಪಾ, ನೇರಳೆಯಾ? ಮುಟ್ಟಿದರೆ ರಕ್ತ ಬರುತ್ತದೆಯಾ? ಕಾಯಿಯ ತೊಟ್ಟಿನಂತೆ ಸಣ್ಣ ಬುಡದ ಮೇಲೆ ಅಲುಗಾಡುತ್ತದೆಯಾ, ಅಥವಾ ಅಗಲವಾಗಿ ಕೂತಿದೆಯಾ?

ಇದನ್ನೆಲ್ಲ ಒಂದು ಕಾಗದದಲ್ಲಿ ದಿನಾಂಕ ಹಾಕಿ ಬರೆದಿಡಿ. ಒಂದು ಫೋಟೊನೂ ತೆಗೆದಿಡಿ. ಫೋಟೊದಿಂದ ರೋಗ ಗೊತ್ತಾಗುವುದಿಲ್ಲ, ಆದರೆ ಹದಿನೈದು ದಿನದಲ್ಲಿ ಎಷ್ಟು ಬೆಳೆಯಿತು ಎಂದು ಗೊತ್ತಾಗುತ್ತದೆ. ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುವ ಸಂಗತಿ ಇದು.

ಇಲ್ಲಿ ಆಗುವ ತಪ್ಪುಗಳು ಕೇಳಿ. ಸೂಜಿಯಿಂದ, ಮುಳ್ಳಿನಿಂದ ಚುಚ್ಚುವುದು. ಬುಡಕ್ಕೆ ದಾರ ಅಥವಾ ಕೂದಲು ಬಿಗಿಯುವುದು. ಸುಣ್ಣ ಹಚ್ಚುವುದು. ಲವಂಗದ ಎಣ್ಣೆಯನ್ನು ಹಾಗೇ ಸುರಿಯುವುದು. ನೋವಿನ ಗುಳಿಗೆಯನ್ನು ಪುಡಿ ಮಾಡಿ ಒಸಡಿಗೆ ಒತ್ತಿಡುವುದು. ಇವೆಲ್ಲ ಒಸಡನ್ನು ಸುಡುತ್ತವೆ. ಸುಟ್ಟ ಜಾಗ ಬೆಳ್ಳಗಾಗಿ ಹುಣ್ಣಾಗುತ್ತದೆ. ಆಮೇಲೆ ಬಂದರೆ ಅದು ಗಂಟಿನ ಹುಣ್ಣೋ ಸುಣ್ಣದ ಹುಣ್ಣೋ ಎಂದು ನಮಗೂ ತಿಳಿಯದೆ ಪರೀಕ್ಷೆಯೇ ತಡವಾಗುತ್ತದೆ. ದಯವಿಟ್ಟು ಏನನ್ನೂ ಹಚ್ಚಬೇಡಿ. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ತೊಂದರೆ ಇಲ್ಲ.

2. ಎರಡು ವಾರದ ಲೆಕ್ಕ ಇಟ್ಟುಕೊಳ್ಳಿ

ಬಾಯೊಳಗಿನ ಯಾವುದೇ ಗಂಟು, ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರದಲ್ಲಿ ಹೋಗಲಿಲ್ಲ ಅಂದರೆ ತೋರಿಸಲೇಬೇಕು. ನೋವಿಲ್ಲ ಎಂದು ಬಿಡಬೇಡಿ. ಸಾದಾ ಗಂಟಿಗೂ ನೋವಿರುವುದಿಲ್ಲ, ಕ್ಯಾನ್ಸರಿಗೂ ಶುರುವಿನಲ್ಲಿ ಎಷ್ಟೋ ಸಲ ನೋವಿರುವುದಿಲ್ಲ. ನೋವನ್ನು ನೋಡಿ ತೀರ್ಮಾನ ಮಾಡುವುದು ಅಪಾಯ.

ಕೆಲವು ಲಕ್ಷಣಗಳಿಗೆ ಎರಡು ವಾರ ಕಾಯುವಂತೆಯೂ ಇಲ್ಲ. ಜ್ವರದ ಜೊತೆ ಮುಖ ಬಾತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತ ನಿಲ್ಲದೆ ಸುರಿಯುತ್ತಿದ್ದರೂ ಹಾಗೆಯೇ. ಗಂಟು ಕಲ್ಲಿನಂತೆ ಗಟ್ಟಿಯಾಗಿ ನಡುವೆ ಹುಣ್ಣಾಗಿದ್ದರೆ, ಬೇರೆ ಹಲ್ಲು ಗಟ್ಟಿಯಿದ್ದು ಗಂಟಿನ ಪಕ್ಕದ ಹಲ್ಲೊಂದೇ ಅಲುಗಾಡುತ್ತಿದ್ದರೆ, ಕೆಳತುಟಿ ಜೋಮು ಹಿಡಿದಂತಾದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಆ ವಾರದೊಳಗೇ ತೋರಿಸಿ. ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ಎರಡೇ ಹಿಡಿಸಿದರೆ, ಅದರಲ್ಲೂ ಅಡಿಕೆ ಜಗಿಯುವ ಅಭ್ಯಾಸ ಇದ್ದರೆ, ತಡ ಮಾಡಬೇಡಿ.

ಗುಟ್ಕಾ, ತಂಬಾಕು, ಮಿಸ್ರಿ (ಹುರಿದ ತಂಬಾಕಿನ ಪುಡಿ), ಎಲೆ‑ಅಡಿಕೆ ಹಾಕುವವರು ಎರಡು ವಾರದ ಮಾತನ್ನೇ ಬಿಡಿ, ಕಂಡ ಕೂಡಲೇ ಬನ್ನಿ. ಮಿಸ್ರಿಯನ್ನು ಬೆರಳಿನಿಂದ ಒಸಡಿಗೇ ತಿಕ್ಕುತ್ತೀರಿ, ತಂಬಾಕನ್ನು ಕೆನ್ನೆ ಮತ್ತು ಒಸಡಿನ ಸಂದಿಯಲ್ಲೇ ಇಟ್ಟುಕೊಳ್ಳುತ್ತೀರಿ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವುದೂ ಅದೇ ಸಂದಿಯಲ್ಲಿ. “ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ” ಅನ್ನುವವರಿಗೂ ಇದನ್ನೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

3. ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೊದಲು ನಿಮ್ಮ ಊರಿನ ಹಲ್ಲಿನ ಡಾಕ್ಟರಿಗೇ ತೋರಿಸಿ. ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲೂ ಹಲ್ಲಿನ ವಿಭಾಗ ಇರುತ್ತದೆ. ಗದಗ, ಹಾವೇರಿಯವರು ಮೊದಲ ಪರೀಕ್ಷೆಗೇ ಹುಬ್ಬಳ್ಳಿಗೆ ಬಸ್ ಹತ್ತಬೇಕಾಗಿಲ್ಲ. ದೊಡ್ಡ ಪರೀಕ್ಷೆ ಬೇಕಾದರೆ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಡೆಂಟಲ್ ಕಾಲೇಜು ಇದೆ. ಡೆಂಟಲ್ ಕಾಲೇಜಿಗೆ ಹೋದರೆ ಮೊದಲು ಓರಲ್ ಮೆಡಿಸಿನ್ ವಿಭಾಗದಲ್ಲಿ ನೋಡಿ, ಎಲ್ಲಿಗೆ ಹೋಗಬೇಕೆಂದು ಅವರೇ ಬರೆದುಕೊಡುತ್ತಾರೆ. ಒಸಡಿನ ತಜ್ಞರಿಗೆ ಪೆರಿಯೊಡಾಂಟಿಸ್ಟ್ ಅನ್ನುತ್ತಾರೆ. ಬಾಯಿಯ ಶಸ್ತ್ರಚಿಕಿತ್ಸೆ ಮಾಡುವವರು ಓರಲ್ ಸರ್ಜನ್. ಸಣ್ಣ ಗಂಟನ್ನು ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು.

ಒಯ್ಯಬೇಕಾದದ್ದು: ನೀವು ದಿನಾ ನುಂಗುವ ಎಲ್ಲ ಗುಳಿಗೆಗಳ ಖಾಲಿ ಪಟ್ಟಿ (ಸ್ಟ್ರಿಪ್). ಹೆಸರು ನೆನಪಿಲ್ಲ ಅಂದರೆ ಪಟ್ಟಿಯನ್ನೇ ಚೀಲಕ್ಕೆ ಹಾಕಿಕೊಳ್ಳಿ. “ಬಿಪಿ ಗುಳಿಗಿ, ಬಿಳಿದು, ಸಣ್ಣದು” ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಯಾಕೆ ಕೇಳುತ್ತೇವೆ ಎಂದು ಮುಂದೆ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದರೆ ಈಚಿನ ರಿಪೋರ್ಟ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ಅದು, ಹಳೆಯ ಎಕ್ಸ್‌ರೇ ಇದ್ದರೆ ಅದು. ಹೃದಯದ ಕವಾಟ ಬದಲಿಸಿದ್ದರೆ, ಬಸಿರಿದ್ದರೆ, ಬಾಯಿ ತೆರೆಯುವ ಮುಂಚೆಯೇ ಹೇಳಿ. ಚಟ ಇದ್ದರೆ ಅದನ್ನೂ ಹೇಳಿ. ಅತ್ತೆ ಅಥವಾ ಮಾವ ಜೊತೆಗೆ ಬಂದಿದ್ದರೆ ಕೆಲವರು ನಾಚಿಕೆಗೆ ಮುಚ್ಚಿಡುತ್ತಾರೆ. ಅವರನ್ನು ಹೊರಗೆ ಕೂರಿಸಿ ಎಂದು ಡಾಕ್ಟರಿಗೆ ಹೇಳುವ ಹಕ್ಕು ನಿಮಗಿದೆ.

4. ಕುರ್ಚಿಯಲ್ಲಿ ನಡೆಯುವ ಪರೀಕ್ಷೆ

ಡಾಕ್ಟರು ಗಂಟನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗೋ ಗಟ್ಟಿಯೋ, ಒತ್ತಿದರೆ ಬಣ್ಣ ಬಿಡುತ್ತದೋ, ನಾಡಿ ಬಡಿಯುತ್ತದೋ ಎಂದು. ನೀಲಿಯಾಗಿದ್ದು ನಾಡಿ ಬಡಿಯುವ ಗಂಟು ರಕ್ತನಾಳದ್ದಾಗಿರಬಹುದು. ಅದನ್ನು ಕ್ಲಿನಿಕ್ಕಿನಲ್ಲಿ ಕತ್ತರಿಸುವುದಿಲ್ಲ. ಪ್ರೋಬ್ ಎಂಬ ಗೀಟು ಹಾಕಿದ ಸಣ್ಣ ಕಡ್ಡಿಯಿಂದ ಹಲ್ಲು ಮತ್ತು ಒಸಡಿನ ನಡುವಿನ ಸಂದಿಯನ್ನು ಅಳೆಯುತ್ತಾರೆ. ಪಕ್ಕದ ಹಲ್ಲು ಜೀವಂತ ಇದೆಯೋ ಸತ್ತಿದೆಯೋ ಎಂದು ತಣ್ಣಗಿನದನ್ನು ಇಟ್ಟು ನೋಡುತ್ತಾರೆ. ಆಮೇಲೆ ಒಂದು ಸಣ್ಣ ಎಕ್ಸ್‌ರೇ. ಒಳಗಿನ ಎಲುಬು ಕರಗಿದೆಯಾ, ಬೇರಿನ ತುದಿಯಲ್ಲಿ ಕೀವು ಇದೆಯಾ ಎಂದು ಅದರಲ್ಲಿ ಕಾಣುತ್ತದೆ. ಎಕ್ಸ್‌ರೇ ಬೇಡ ಎಂದು ಹಟ ಮಾಡಬೇಡಿ. ಹಲ್ಲಿನ ಒಂದು ಸಣ್ಣ ಎಕ್ಸ್‌ರೇಯಲ್ಲಿ ಬೀಳುವ ಕಿರಣ ತೀರಾ ಕಡಿಮೆ.

ಒಂದು ಗಂಟಿನ ಬದಲು ಇಡೀ ಒಸಡೇ ಬಾತು, ರಕ್ತ ಸೋರುತ್ತಾ, ಜೊತೆಗೆ ಸುಸ್ತು, ಜ್ವರ, ಮೈಮೇಲೆ ಕೆಂಪು ಅಥವಾ ನೇರಳೆ ಮಚ್ಚೆ ಇದ್ದರೆ ಡಾಕ್ಟರು ರಕ್ತಪರೀಕ್ಷೆ ಬರೆಯುತ್ತಾರೆ. ಕೆಲವು ರಕ್ತದ ಕ್ಯಾನ್ಸರ್‌ಗಳು ಮೊದಲು ಒಸಡಿನಲ್ಲೇ ಕಾಣಿಸಿಕೊಳ್ಳುತ್ತವೆ. ಅಂಥವರ ಒಸಡನ್ನು ರಕ್ತಪರೀಕ್ಷೆ ಇಲ್ಲದೆ ಕತ್ತರಿಸಿದರೆ ರಕ್ತ ನಿಲ್ಲುವುದೇ ಕಷ್ಟ.

5. ಇದು ಯಾವ ಗಂಟು ಇರಬಹುದು

ಕಾಯಂ ಕಾಣುವವುಗಳನ್ನು ಹೇಳುತ್ತೇನೆ. ಓದಿ ನೀವೇ ಹೆಸರಿಟ್ಟುಕೊಳ್ಳಲು ಅಲ್ಲ, ಡಾಕ್ಟರು ಹೇಳಿದ್ದು ಅರ್ಥವಾಗಲಿ ಎಂದು.

ಕೀವಿನ ಗುಳ್ಳೆ. ನಿಜ ಹೇಳಬೇಕೆಂದರೆ ಇದು ಬೆಳವಣಿಗೆಯೇ ಅಲ್ಲ, ಆದರೆ ‘ಗಂಟು’ ಎಂದು ಬರುವವರಲ್ಲಿ ಬಹಳ ಮಂದಿಗೆ ಇರುವುದು ಇದೇ. ಹುಳುಕು ಹಲ್ಲಿನ ಬೇರಿನಿಂದ ಕೀವು ದಾರಿ ಮಾಡಿಕೊಂಡು ಒಸಡಿನ ಮೇಲೆ ಗುಳ್ಳೆಯಾಗುತ್ತದೆ. ಒಡೆಯುತ್ತದೆ, ಬಾಯಿ ಉಪ್ಪುಪ್ಪಾಗುತ್ತದೆ, ಆರಾಮ ಅನಿಸುತ್ತದೆ, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಔಷಧದ ಅಂಗಡಿಯಲ್ಲಿ ಆಂಟಿಬಯಾಟಿಕ್ ತಂದು ನುಂಗಿದರೆ ಗುಳ್ಳೆ ಅಡಗುತ್ತದೆ, ಬೇರಿನ ಸೋಂಕು ಅಡಗುವುದಿಲ್ಲ. ಗುಳ್ಳೆಯನ್ನು ಕತ್ತರಿಸಿಯೂ ಉಪಯೋಗವಿಲ್ಲ. ಹಲ್ಲಿಗೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ತೆಗೆಸಬೇಕು. ಗುಳ್ಳೆ ತಾನಾಗೇ ಹೋಗುತ್ತದೆ.

ಫೈಬ್ರೋಮಾ, ಅಂದರೆ ನಾರಿನಂಥ ಗಟ್ಟಿ ಗಂಟು. ಒಸಡಿನದೇ ಬಣ್ಣ, ನಯವಾದ ಮೈ, ನೋವಿಲ್ಲ. ಹಲ್ಲಿನ ಕಿಟ್ಟ, ಚೂಪಾದ ಫಿಲ್ಲಿಂಗ್, ಸರಿಯಾಗಿ ಕೂರದ ಕ್ಯಾಪ್ ದಿನವೂ ಒಂದೇ ಜಾಗವನ್ನು ಕೆರಳಿಸಿದರೆ ಒಸಡು ಹೀಗೆ ಬೆಳೆಯುತ್ತದೆ. ಊಟವಾದ ಮೇಲೆ ಸೇಫ್ಟಿ ಪಿನ್ನಿನಿಂದ ಒಂದೇ ಸಂದಿಯನ್ನು ಕೆದಕುವವರಲ್ಲೂ ಆಗುತ್ತದೆ. ಇದರದೇ ಹತ್ತಿರದ ಇನ್ನೊಂದಿದೆ, ಆಸಿಫೈಯಿಂಗ್ ಫೈಬ್ರೋಮಾ. ಅದರೊಳಗೆ ಎಲುಬಿನಂಥ ಕಣಗಳಿರುತ್ತವೆ. ಹದಿಹರೆಯದವರು ಮತ್ತು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ, ಮುಂದಿನ ಹಲ್ಲುಗಳ ನಡುವೆ ಜಾಸ್ತಿ. ಮತ್ತೆ ಬರುವುದಕ್ಕೆ ಹೆಸರಾದದ್ದು ಇದೇ.

ಪಯೋಜೆನಿಕ್ ಗ್ರ್ಯಾನುಲೋಮಾ. ಹೆಸರು ಕೇಳಿದರೆ ಕೀವಿನ ಗಂಟು ಅನಿಸುತ್ತದೆ, ಆದರೆ ಇದರಲ್ಲಿ ಕೀವು ಇರುವುದಿಲ್ಲ. ಹಳೆಯ ಕಾಲದ ತಪ್ಪು ಹೆಸರು ಹಾಗೇ ಉಳಿದಿದೆ. ಕಡುಗೆಂಪು, ಮೆತ್ತಗೆ, ಬ್ರಷ್ ತಾಗಿದರೆ ರಕ್ತ. ವಾರಗಳಲ್ಲಿ ಬೆಳೆದುಬಿಡುತ್ತದೆ, ಅದಕ್ಕೇ ಜನ ಹೆದರುತ್ತಾರೆ. ಬಸುರಿಯರಲ್ಲಿ ಇದು ಬಂದರೆ ‘ಪ್ರೆಗ್ನೆನ್ಸಿ ಟ್ಯೂಮರ್’ ಅನ್ನುತ್ತಾರೆ. ಟ್ಯೂಮರ್ ಎಂಬ ಪದ ಕೇಳಿ ಅತ್ತುಕೊಂಡು ಬಂದ ಹುಡುಗಿಯರನ್ನು ನೋಡಿದ್ದೇನೆ. ಅಳುವಂಥದ್ದೇನೂ ಇಲ್ಲವ್ವ. ಹಾರ್ಮೋನು ಏರಿದಾಗ ಒಸಡು ಸಣ್ಣ ಕಿಟ್ಟಕ್ಕೂ ಜೋರಾಗಿ ಕೆರಳುತ್ತದೆ. ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಹೆರಿಗೆ ಆದ ಮೇಲೆ ಎಷ್ಟೋ ಸಲ ಕುಗ್ಗುತ್ತದೆ. ಬಸುರಿನಲ್ಲಿ ಹಲ್ಲು ಕ್ಲೀನಿಂಗ್ ಮಾಡಿಸಬಾರದು ಎಂದು ಮನೆಯಲ್ಲಿ ತಡೆಯುತ್ತಾರೆ. ಮಾಡಿಸಬಹುದು, ಮಾಡಿಸಬೇಕು. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಕಾಲ. ಊಟಕ್ಕೆ ಅಡ್ಡ ಬಂದರೆ, ರಕ್ತ ತುಂಬಾ ಹೋಗುತ್ತಿದ್ದರೆ ಆಗಲೇ ತೆಗೆಯಬಹುದು. ಇಲ್ಲವಾದರೆ ಹೆರಿಗೆವರೆಗೆ ಕಾಯುವುದು ಒಳ್ಳೆಯದು, ಯಾಕೆಂದರೆ ಬಸುರಿನಲ್ಲಿ ತೆಗೆದದ್ದು ಮತ್ತೆ ಬರುವುದು ಜಾಸ್ತಿ.

ಜೈಂಟ್ ಸೆಲ್ ಗ್ರ್ಯಾನುಲೋಮಾ. ನೇರಳೆ ಅಥವಾ ನೀಲಿ ಛಾಯೆ. ಕೆಳಗಿನ ಎಲುಬನ್ನು ಸ್ವಲ್ಪ ಕರಗಿಸಬಹುದು. ರಿಪೋರ್ಟ್‌ನಲ್ಲಿ ಈ ಹೆಸರು ಬಂದರೆ ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಬೇಕಾ ಎಂದು ಕೇಳಿ. ಅಪರೂಪಕ್ಕೆ ಕುತ್ತಿಗೆಯ ಆ ಗ್ರಂಥಿಯ ತೊಂದರೆಯೂ ಹೀಗೇ ಕಾಣಿಸಿಕೊಳ್ಳುತ್ತದೆ.

ಗುಳಿಗೆಯಿಂದ ಒಸಡು ಬೆಳೆಯುವುದು. ಪಟ್ಟಿ ತನ್ನಿ ಅಂದದ್ದು ಇದಕ್ಕೇ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಆಮ್ಲೋಡಿಪಿನ್ ಮತ್ತು ನಿಫೆಡಿಪಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೆಲವರಲ್ಲಿ ಒಸಡನ್ನು ಬೆಳೆಸುತ್ತವೆ. ಒಂದೇ ಗಂಟು ಬರುವುದಿಲ್ಲ, ಹಲ್ಲು ಹಲ್ಲಿನ ನಡುವೆ ಸಾಲಾಗಿ ಉಬ್ಬುತ್ತದೆ. ಹೆಚ್ಚಾದರೆ ಹಲ್ಲನ್ನೇ ಅರ್ಧ ಮುಚ್ಚುತ್ತದೆ. ಇಲ್ಲಿ ಕೈಮುಗಿದು ಹೇಳುವ ಮಾತು: ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಗುಳಿಗೆ ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ ಬದಲಿ ಗುಳಿಗೆ ಇದೆಯಾ ಎಂದು ಕೇಳಿ. ಬದಲಿಸಿದ ಮೇಲೆ ಮತ್ತು ಬಾಯಿ ಸ್ವಚ್ಛ ಇಟ್ಟ ಮೇಲೆ ಎಷ್ಟೋ ಕಡಿಮೆಯಾಗುತ್ತದೆ. ಉಳಿದದ್ದನ್ನು ಕತ್ತರಿಸಿ ಆಕಾರ ಕೊಡಬಹುದು.

ಹಲ್ಲಿನ ಸೆಟ್ ಒತ್ತಿ ಬೆಳೆದ ಮಡಿಕೆ. ಹತ್ತು ಹನ್ನೆರಡು ವರ್ಷದ ಹಳೆಯ ಸೆಟ್ ಸಡಿಲವಾಗಿ ಅಂಚು ಚುಚ್ಚುತ್ತಿದ್ದರೆ ಒಸಡು ಮಡಿಕೆ ಮಡಿಕೆಯಾಗಿ ಬೆಳೆಯುತ್ತದೆ. ರಾತ್ರಿ ಸೆಟ್ ತೆಗೆದಿಡಿ. ಅಂಚು ಉಜ್ಜಿಸಿ, ಕೆಲವು ವಾರ ಬಾಯಿಗೆ ವಿಶ್ರಾಂತಿ ಕೊಡಿ. ಮಡಿಕೆ ಕುಗ್ಗದಿದ್ದರೆ ತೆಗೆಸಿ, ಆಮೇಲೆ ಹೊಸ ಸೆಟ್. ಹಳೆಯ ಸೆಟ್ಟನ್ನೇ ಮತ್ತೆ ಹಾಕಿಕೊಂಡರೆ ಮಡಿಕೆಯೂ ಮತ್ತೆ ಬರುತ್ತದೆ.

ಮುಟ್ಟಬಾರದವುಗಳೂ ಇವೆ. ಕೆಳದವಡೆಯ ಒಳಬದಿಯಲ್ಲಿ ಅಥವಾ ಬಾಯಿಯ ಅಂಗುಳದ ನಡುವೆ ಕಲ್ಲಿನಂತೆ ಗಟ್ಟಿ, ವರ್ಷಗಟ್ಟಲೆ ಹಾಗೇ ಇರುವ ಉಬ್ಬು ಎಲುಬಿನದೇ ಆಗಿರಬಹುದು. ಒಮ್ಮೆ ತೋರಿಸಿ ಖಚಿತ ಮಾಡಿಕೊಂಡರೆ ಸಾಕು. ಹುಟ್ಟಿದ ಕೂಸಿನ ಒಸಡಿನ ಮೇಲೆ ಅಕ್ಕಿನುಚ್ಚಿನಂಥ ಬಿಳಿ ಕಾಳು ಕಂಡರೆ ಬಟ್ಟೆಯಿಂದ ತಿಕ್ಕಿ ತೆಗೆಯಬೇಡಿ, ಕೆಲವು ವಾರದಲ್ಲಿ ತಾವೇ ಹೋಗುತ್ತವೆ. ಹಲ್ಲು ಮೂಡುವ ಮುಂಚೆ ಮಗುವಿನ ಒಸಡು ನೀಲಿಯಾಗಿ ಉಬ್ಬಿದ್ದರೆ ಅದೂ ಹಲ್ಲು ಬಂದಾಗ ಒಡೆದು ಹೋಗುತ್ತದೆ.

6. ಮೊದಲು ಕ್ಲೀನಿಂಗ್, ಆಮೇಲೆ ಕತ್ತರಿ

ಸಾದಾ ಗಂಟು ಎಂದು ಅನಿಸಿದರೆ, ಬೇರೆ ಅನುಮಾನ ಇಲ್ಲದಿದ್ದರೆ, ಮೊದಲು ಸ್ಕೇಲಿಂಗ್ ಮಾಡುತ್ತಾರೆ. ಹಲ್ಲಿಗೆ ಅಂಟಿ ಕಲ್ಲಾದ ಕಿಟ್ಟವನ್ನು ಯಂತ್ರದಿಂದ ತೆಗೆಯುವುದೇ ಸ್ಕೇಲಿಂಗ್. “ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗ್ತಾವ್ರಿ” ಎಂದು ನಮ್ಮ ಕಡೆ ಗಟ್ಟಿಯಾಗಿ ನಂಬಿದ್ದಾರೆ. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಸಿಮೆಂಟಿನಂತೆ ಹಿಡಿದಿಟ್ಟಿರುತ್ತದೆ. ತೆಗೆದಾಗ ಇದ್ದ ಸಂಗತಿ ಕಾಣುತ್ತದೆ. ಕಿಟ್ಟ ಬಿಟ್ಟರೆ ಹಲ್ಲು ಉಳಿಯುವುದಿಲ್ಲ.

ಕ್ಲೀನಿಂಗ್ ಆಗಿ ಎರಡು ಮೂರು ವಾರದಲ್ಲಿ ಕೆಂಪು ಗಂಟು ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ. ಸಣ್ಣ ಗಂಟನ್ನು ತೆಗೆಯುವುದು ಸುಲಭ, ರಕ್ತವೂ ಕಡಿಮೆ.

ಆಪರೇಷನ್ ಅಂದರೆ ದೊಡ್ಡದೇನಲ್ಲ. ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬ್ಲೇಡ್, ಲೇಸರ್ ಅಥವಾ ಕಾಟರಿಯಿಂದ (ಬಿಸಿಯಿಂದ ಸುಟ್ಟು ಕತ್ತರಿಸುವ ಸಲಕರಣೆ) ತೆಗೆಯುತ್ತಾರೆ. ಸಣ್ಣದಾದರೆ ಅರ್ಧ ತಾಸಿನ ಕೆಲಸ. ನಡೆದುಕೊಂಡೇ ಮನೆಗೆ ಹೋಗಬಹುದು. “ಲೇಸರ್ ಮಾಡಿಸಿದರೆ ಮತ್ತೆ ಬರಲ್ಲ ಅಲ್ವಾ?” ಎಂದು ಕೇಳುತ್ತಾರೆ. ಲೇಸರಿನಲ್ಲಿ ರಕ್ತ ಕಡಿಮೆ, ಅಷ್ಟು ನಿಜ. ಮತ್ತೆ ಬರುವುದು ಬಿಡುವುದು ಬುಡ ಎಷ್ಟು ಸರಿಯಾಗಿ ತೆಗೆದರು, ಕಾರಣ ತೆಗೆದರೋ ಇಲ್ಲವೋ ಎಂಬುದರ ಮೇಲೆ ಇದೆ.

ಅಣ್ಣಿಗೇರಿ ಕಡೆಯ ಒಬ್ಬ ಅಕ್ಕನ ಬಾಯಿಯಲ್ಲಿ ಇದನ್ನು ಚೆನ್ನಾಗಿ ಕಂಡೆ. ಮೇಲಿನ ಎರಡು ಹಲ್ಲುಗಳ ನಡುವೆ ಗಂಟು, ಬೇರೆ ಬೇರೆ ಕಡೆ ಎರಡು ಸಲ ಕತ್ತರಿಸಿದ್ದರು. ಮೂರನೇ ಸಲ ಬುಡದವರೆಗೆ ಎತ್ತಿ ನೋಡಿದಾಗ ಹಲ್ಲಿನ ಬೇರಿಗೆ ಅಂಟಿಕೊಂಡು ಜೋಳದ ಕಾಳಿನಷ್ಟು ಕಪ್ಪು ಕಿಟ್ಟ ಕೂತಿತ್ತು. ಒಸಡಿನ ಒಳಗೆ ಇದ್ದದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಗಂಟಿನ ಜೊತೆ ಅದನ್ನೂ ಕೆರೆದು ತೆಗೆದೆವು. ಆಮೇಲೆ ಗಂಟು ಬಂದಿಲ್ಲ. ಆದ್ದರಿಂದ ಡಾಕ್ಟರನ್ನು ಕೇಳಿ: “ಗಂಟಿನ ಬುಡದ ಹಲ್ಲನ್ನೂ ಕ್ಲೀನ್ ಮಾಡ್ತೀರಲ್ಲ?” ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿಕೊಂಡು ಬರಬೇಡಿ. ನಿಲ್ಲಿಸಬೇಕೋ ಬೇಡವೋ ಎಂದು ಹೃದಯದ ಡಾಕ್ಟರು ಮತ್ತು ಹಲ್ಲಿನ ಡಾಕ್ಟರು ಮಾತಾಡಿ ಹೇಳುತ್ತಾರೆ.

ಇನ್ನೊಂದು ದೊಡ್ಡ ತಪ್ಪು. ಗಂಟಿನ ಪಕ್ಕದ ಹಲ್ಲು ಅಲುಗಾಡುತ್ತಿದೆ ಎಂದು ಅವಸರದಲ್ಲಿ ಹಲ್ಲು ಕೀಳಿಸುವುದು. ಕ್ಯಾನ್ಸರ್ ಇದ್ದು ಎಲುಬು ಕರಗಿ ಹಲ್ಲು ಸಡಿಲವಾಗಿದ್ದರೆ, ಕಿತ್ತ ಗುಂಡಿ ಮಾಯುವುದಿಲ್ಲ, ಅದರೊಳಗಿಂದಲೇ ಮಾಂಸ ಬೆಳೆದು ಬರುತ್ತದೆ. ಎಕ್ಸ್‌ರೇ ಇಲ್ಲದೆ ಅಂಥ ಹಲ್ಲು ತೆಗೆಸಬೇಡಿ. ಹಲ್ಲು ಕಿತ್ತ ಜಾಗ ಮೂರು ನಾಲ್ಕು ವಾರ ಆದರೂ ಮಾಯದಿದ್ದರೆ ಸುಮ್ನೆ ಕೂರಬೇಡಿ.

7. ತೆಗೆದ ಚೂರು ಬಾಟಲಿಗೆ ಹೋಗಬೇಕು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಸಡಿನಿಂದ ತೆಗೆದ ಗಂಟು ಕಸದ ಬುಟ್ಟಿಗೆ ಹೋಗಬಾರದು. ಬಯಾಪ್ಸಿಗೆ ಹೋಗಬೇಕು. ಬಯಾಪ್ಸಿ ಅಂದರೆ ಚೂರನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ. ಇದನ್ನು ನೋಡುವ ಡಾಕ್ಟರಿಗೆ ಪ್ಯಾಥಾಲಜಿಸ್ಟ್ ಅನ್ನುತ್ತಾರೆ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ನಲವತ್ತು ದಾಟದ ಒಬ್ಬರ ಒಸಡಿನಿಂದ ಒಂದು ಗಂಟು ತೆಗೆದೆ. ನಯವಾಗಿತ್ತು, ಹುಣ್ಣಿರಲಿಲ್ಲ, ಎಕ್ಸ್‌ರೇ ಸರಿಯಿತ್ತು. ಫೈಬ್ರೋಮಾ ಎಂದೇ ನಂಬಿದ್ದೆ. ಎಲ್ಲವನ್ನೂ ಕಳಿಸಬೇಕು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಕ್ಕೆ ಕಳಿಸಿದೆ, ಅಷ್ಟೇ. ರಿಪೋರ್ಟ್ ‘ಕಾರ್ಸಿನೋಮಾ’ ಎಂದು ಬಂತು. ಅಂದರೆ ಕ್ಯಾನ್ಸರ್. ಸಣ್ಣದಿದ್ದಾಗಲೇ ಸಿಕ್ಕಿದ್ದರಿಂದ ಅವರು ಆಪರೇಷನ್ ಮಾಡಿಸಿಕೊಂಡು ಉಳಿದರು. ಆ ರಿಪೋರ್ಟ್ ಹಿಡಿದ ಕೈ ನಡುಗಿದ್ದು ನನಗೆ ಇನ್ನೂ ನೆನಪಿದೆ.

ಈಗ ಪ್ರಾಯೋಗಿಕವಾಗಿ ಏನು ಮಾಡಬೇಕು? ತೆಗೆಯುವ ಮುಂಚೆಯೇ “ಬಯಾಪ್ಸಿಗೆ ಕಳಿಸ್ತೀರಲ್ರಿ?” ಎಂದು ಕೇಳಿ. ಚೂರು ಫಾರ್ಮಾಲಿನ್ ಎಂಬ ದ್ರವ ಇರುವ ಬಾಟಲಿಗೆ ಬೀಳಬೇಕು. ನೀರು, ಉಪ್ಪುನೀರು, ಸ್ಪಿರಿಟ್ ನಡೆಯುವುದಿಲ್ಲ, ಅವುಗಳಲ್ಲಿ ಚೂರು ಕೆಡುತ್ತದೆ. ದ್ರವ ಚೂರಿನ ಹತ್ತು ಪಟ್ಟಾದರೂ ಇರಬೇಕು. ಕೆಂಪಗಿದ್ದ ಚೂರು ಅದರೊಳಗೆ ಬೂದು ಬಿಳಿಯಾಗುತ್ತದೆ, ಅದು ಸಹಜ. ಬಾಟಲಿಯ ಮೈಮೇಲೆ ನಿಮ್ಮ ಹೆಸರು, ವಯಸ್ಸು, ದಿನಾಂಕ, ಯಾವ ಜಾಗದಿಂದ ತೆಗೆದದ್ದು ಎಂದು ಬರೆದಿದೆಯಾ ನೋಡಿ. ಮುಚ್ಚಳದ ಮೇಲೆ ಮಾತ್ರ ಬರೆದಿದ್ದರೆ ಸಾಲದು, ಮುಚ್ಚಳ ಅದಲುಬದಲಾಗಬಹುದು. ಬಾಟಲಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಒಯ್ಯಲು ಹೇಳಿದರೆ ಅದೇ ದಿನ ಒಯ್ಯಿರಿ. ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ, ಫಾರ್ಮಾಲಿನ್ ವಿಷ.

ರಿಪೋರ್ಟ್ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಬರುತ್ತದೆ. ಎಲುಬಿನ ಕಣ ಇದ್ದರೆ ಅದನ್ನು ಮೆತ್ತಗಾಗಿಸಲು ಇನ್ನಷ್ಟು ದಿನ ಬೇಕು. ತಡವಾಯಿತು ಅಂದರೆ ಕ್ಯಾನ್ಸರ್ ಎಂದು ಅರ್ಥವಲ್ಲ. ‘ಹೈಪರ್‌ಪ್ಲೇಸಿಯಾ’, ‘ಫೈಬ್ರೋಮಾ’, ‘ಗ್ರ್ಯಾನುಲೋಮಾ’, ‘ಇನ್‌ಫ್ಲಮೇಟರಿ’ ಎಂಬ ಪದಗಳು ಸಾಮಾನ್ಯವಾಗಿ ಸಾದಾ ಗಂಟನ್ನು ಹೇಳುತ್ತವೆ. ‘ಡಿಸ್‌ಪ್ಲೇಸಿಯಾ’ ಅಂದರೆ ಜೀವಕೋಶಗಳು ದಾರಿ ತಪ್ಪುತ್ತಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ, ಕಣ್ಣಿಟ್ಟಿರಬೇಕು. ‘ಇನ್‌ಅಡಿಕ್ವೇಟ್’ ಅಂದರೆ ಚೂರು ಸಾಲಲಿಲ್ಲ, ಮತ್ತೆ ತೆಗೆಯಬೇಕು. ರಿಪೋರ್ಟನ್ನು ಮೊಬೈಲಿನಲ್ಲಿ ನೋಡಿ ಬಿಡಬೇಡಿ. ಕಾಗದ ತಗೊಂಡು ಡಾಕ್ಟರ ಮುಂದೆ ಕೂತು ಕೇಳಿ.

ಕ್ಯಾನ್ಸರ್ ಎಂದೇ ಬಂದರೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವು ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾ ಎಂದು ಮೊದಲೇ ವಿಚಾರಿಸಿ. ಹೊಲ ಮಾರುವ ಮುಂಚೆ ಇದನ್ನು ಕೇಳಿ.

8. ಮನೆಗೆ ಬಂದ ಮೇಲೆ

ಕೊಟ್ಟ ಹತ್ತಿ ಅಥವಾ ಗಾಜ್ ಬಟ್ಟೆಯನ್ನು ಅರ್ಧ ತಾಸು ಒತ್ತಿ ಹಿಡಿಯಿರಿ. ಮೊದಲ ದಿನ ಉಗುಳಬೇಡಿ, ಮುಕ್ಕಳಿಸಬೇಡಿ. ಉಗುಳುತ್ತಾ ಹೋದಷ್ಟು ಹೆಪ್ಪುಗಟ್ಟಿದ ರಕ್ತ ಕಿತ್ತು ಮತ್ತೆ ಸೋರುತ್ತದೆ. ಜೊಲ್ಲು ಕೆಂಪಾಗಿದ್ದರೆ ಹೆದರಬೇಡಿ, ನುಂಗಿ. ಬಾಯಿ ತುಂಬಾ ರಕ್ತ ಬಂದರೆ ಹೊಸ ಗಾಜ್ ಇಟ್ಟು ಇನ್ನೂ ಅರ್ಧ ತಾಸು ಬಿಡದೆ ಒತ್ತಿ. ಆಗಲೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಊಟ ತಣ್ಣಗೆ, ಮೆತ್ತಗೆ ಇರಲಿ. ಮಜ್ಜಿಗೆ ಅನ್ನ, ಆರಿದ ಅಂಬಲಿ, ಬಾಳೆಹಣ್ಣು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮಿರ್ಚಿ ಭಜಿ ಒಂದು ವಾರ ದೂರ ಇರಲಿ. ರೊಟ್ಟಿಯ ಚೂಪು ಅಂಚು ಗಾಯಕ್ಕೆ ಬ್ಲೇಡ್ ಇದ್ದ ಹಾಗೆ. ತಂಬಾಕು, ಅಡಿಕೆ, ಬೀಡಿ, ಸಾರಾಯಿ ಮುಟ್ಟಲೇಬೇಡಿ.

ಮರುದಿನದಿಂದ ಬೆಚ್ಚಗಿನ ಉಪ್ಪುನೀರು, ದಿನಕ್ಕೆ ನಾಲ್ಕೈದು ಸಲ, ಮೆಲ್ಲಗೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದಿದ್ದರೆ ಹೇಳಿದಷ್ಟು ದಿನ ಮಾತ್ರ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಪೇಸ್ಟ್ ಹಚ್ಚಿ ಉಜ್ಜಿದ ಕೂಡಲೇ ಹಾಕಬೇಡಿ, ಅರ್ಧ ತಾಸು ಬಿಡಿ. ಗಾಯದ ಮೇಲೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದು ಮೆತ್ತಿದ್ದರೆ ಅದು ಪ್ಯಾಕ್, ಗಾಯಕ್ಕೆ ಹೊದಿಕೆ. ಒಂದು ವಾರಕ್ಕೆ ಅವರೇ ತೆಗೆಯುತ್ತಾರೆ. ಮುಂಚೆಯೇ ಬಿದ್ದುಹೋದರೆ ಫೋನ್ ಮಾಡಿ ಹೇಳಿ.

ಎರಡು ಮೂರನೇ ದಿನ ಗಾಯದ ಮೇಲೆ ಬಿಳಿ‑ಹಳದಿ ಪೊರೆ ಕಾಣುತ್ತದೆ. ಎಲ್ಲರೂ ಕೀವು ಎಂದುಕೊಂಡು ಬೆರಳಿನಿಂದ ತಿಕ್ಕಿ ತೆಗೆಯುತ್ತಾರೆ. ಕೀವಲ್ಲ ಅದು, ಬಾಯೊಳಗಿನ ಗಾಯ ಮಾಯುವಾಗ ಕಟ್ಟುವ ಪೊರೆ. ಕೆರೆಯಬೇಡಿ. ನೋವು ದಿನೇ ದಿನೇ ಇಳಿಯುವ ಬದಲು ಏರಿದರೆ, ಕೆಟ್ಟ ವಾಸನೆ, ಜ್ವರ, ಬಾವು ಬಂದರೆ ಮಾತ್ರ ಸೋಂಕಿನ ಅನುಮಾನ.

9. ಮತ್ತೆ ಬರದಂತೆ, ಬಂದರೂ ತಡವಾಗದಂತೆ

ಹಲ್ಲುಗಳ ಸಂದಿಗೆ ಪಿನ್ ಹಾಕುವುದು ನಿಲ್ಲಿಸಿ. ಔಷಧದ ಅಂಗಡಿಯಲ್ಲಿ ಸಂದಿಗೇ ಎಂದು ಸಿಗುವ ಸಣ್ಣ ಬ್ರಷ್ ತಗೊಳ್ಳಿ. ಮೆತ್ತಗಿನ ಬ್ರಷ್‌ನಿಂದ ದಿನಕ್ಕೆ ಎರಡು ಸಲ, ಒಸಡು ಮತ್ತು ಹಲ್ಲು ಕೂಡುವ ಗೆರೆಗೆ ತಾಗುವಂತೆ ಉಜ್ಜಿ. ಆರು ತಿಂಗಳಿಗೊಮ್ಮೆ ಕಿಟ್ಟ ತೆಗೆಸಿ. ಮಿಸ್ರಿ, ತಂಬಾಕು ಬಿಡಲು ನೆರವು ಬೇಕಾದರೆ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಎರಡು ಮೂರು ಸಲ ಬಿಟ್ಟು ಮತ್ತೆ ಹಚ್ಚಿಕೊಂಡಿದ್ದೀರಾ? ಪರವಾಗಿಲ್ಲ, ಮತ್ತೆ ಕರೆ ಮಾಡಿ.

ಗಂಟು ತೆಗೆದ ಮೇಲೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ತೋರಿಸಿ. ಆಸಿಫೈಯಿಂಗ್ ಫೈಬ್ರೋಮಾ ನೂರರಲ್ಲಿ ಸುಮಾರು 8ರಿಂದ 20 ಜನರಿಗೆ ಮರಳಿ ಬರುತ್ತದೆ ಎಂದು ವೈದ್ಯ ಸಾಹಿತ್ಯದಲ್ಲಿದೆ. ಅದಕ್ಕೆ ಡಾಕ್ಟರದೇ ತಪ್ಪು ಎಂದಾಗಲಿ, ನಿಮ್ಮದೇ ತಪ್ಪು ಎಂದಾಗಲಿ ಅಂದುಕೊಳ್ಳಬೇಕಿಲ್ಲ. ಮತ್ತೆ ಬಂದದ್ದನ್ನೂ ತೆಗೆಸಿ, ಅದನ್ನೂ ಬಯಾಪ್ಸಿಗೆ ಕಳಿಸಿ.

ಹಳೆಯ ರಿಪೋರ್ಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆಗೇ ಇಡಿ. ನಿಮ್ಮ ಚೂರು ಮೇಣದಲ್ಲಿ ಕೂತ ಸಣ್ಣ ಅಚ್ಚಾಗಿ ಲ್ಯಾಬಿನಲ್ಲಿ ಉಳಿದಿರುತ್ತದೆ. ಅದಕ್ಕೆ ‘ಬ್ಲಾಕ್’ ಅನ್ನುತ್ತಾರೆ. ಬೇರೆ ಡಾಕ್ಟರ ಅಭಿಪ್ರಾಯ ಬೇಕು ಅನಿಸಿದರೆ ರಿಪೋರ್ಟ್ ಮೇಲಿನ ನಂಬರ್ ತೋರಿಸಿ ಆ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಬಹುದು. ಅದು ಇದ್ದರೆ ಬಾಯಿಯನ್ನು ಇನ್ನೊಮ್ಮೆ ಕೊಯ್ಯದೆಯೇ ಇನ್ನೊಬ್ಬರು ನೋಡಿ ಹೇಳಬಲ್ಲರು.